ಮೈಮೇಲೆ ಜ್ಞಾನ

ಮೂರನೇ ಸಲ ಕುದುರೆಯಿಂದ ಬಿದ್ದ ಮೇಲೆ ಬಾಯಿಬಡುಕಿ ಮಾತು ಬಿಟ್ಟಳು. ಇದೇನು ಸಣ್ಣ ಸುದ್ದಿಯಲ್ಲ. ಸವಾರಿ ಶಾಲೆಯ ಅಂಗಳದಲ್ಲಿ ಇಪ್ಪತ್ತಾರು ವರ್ಷದಿಂದ ಬೆಳಿಗ್ಗೆ ಆರಕ್ಕೆ ಶುರುವಾಗುವ ಆ ಗಂಟಲು ಸಂಜೆ ಹುಲ್ಲು ಹಾಕುವ ತನಕ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಕಲಿಯಲು ಬಂದವರಿಗೆ ಬೈಗುಳ, ಕುದುರೆಗೆ ಬೈಗುಳ, ಬಕೆಟ್ಟಿಗೆ, ಬಾಗಿಲ ಚಿಲಕಕ್ಕೆ, ಎದುರಿಗೆ ಯಾರೂ ಸಿಗದಿದ್ದರೆ ಗಾಳಿಗೆ. ಬಾಯಿಬಡುಕಿ ಎಂದು ಹೆಸರಿಟ್ಟವರು ಯಾರೋ ಏನೋ, ಅವಳಿಗೆ ಅದರಲ್ಲಿ ಬೇಜಾರೇನೂ ಇರಲಿಲ್ಲ. ಹೊಸ ಕುದುರೆಗಳನ್ನು ಪಳಗಿಸುವುದು, ಹೊಸದಾಗಿ ಬಂದ ಮಕ್ಕಳನ್ನು ತನ್ನ ಮುಂದೆ ಕೂರಿಸಿಕೊಂಡು ಮೈದಾನ ಸುತ್ತಿಸುವುದು ಅವಳ ಕೆಲಸ. ಎರಡಕ್ಕೂ ಬಾಯಿಯೇ ಮದ್ದು ಎಂದು ನಂಬಿದವಳು ಅವಳು.

ಆ ಬಾಯಿಗೆ ಖಾಯಂ ಬೈಗುಳ ಒಂದಿತ್ತು. ಕುದುರೆ ಅಡ್ಡಾದಿಡ್ಡಿ ಕಾಲಿಟ್ಟರೆ "ಮೈಮೇಲೆ ಜ್ಞಾನ ಇದೆಯೇನೋ?" ಮನೆಯ ಮುಂದಿನ ಕೋಣೆಯಲ್ಲಿ ದರ್ಜಿ ಕೆಲಸ ಮಾಡುವ ಗಂಡ ಅಳತೆ ತಪ್ಪಿ ಬಟ್ಟೆ ಕತ್ತರಿಸಿದರೆ "ಮೈಮೇಲೆ ಜ್ಞಾನ ಇದೆಯೇನ್ರೀ?" ಬಹುವಚನ ಬಿಟ್ಟರೆ ಇಬ್ಬರಿಗೂ ಮರ್ಯಾದೆ ಒಂದೇ.

ಅವಳನ್ನು ಬೀಳಿಸಿದ ಕುದುರೆ ಐದು ವರ್ಷದ ಕಂದು ಗಂಡು. ಕಾಗದದಲ್ಲಿ ಏನೋ ರಾಜಗಾಂಭೀರ್ಯದ ಹೆಸರಿತ್ತಂತೆ. ಬಂದ ದಿನವೇ ಹಾರುವ ಪ್ಲಾಸ್ಟಿಕ್ ಚೀಲ ಕಂಡು ಬೇಲಿ ಮುರಿದದ್ದರಿಂದ ಎಲ್ಲರ ಬಾಯಲ್ಲೂ ಅದು ಗಾಬರಿ ಆಯಿತು. ಬಾಯಿಬಡುಕಿ ಆರು ತಿಂಗಳು ಅದರ ಕಿವಿಯ ಹತ್ತಿರ ಬೈದೂ ಬೈದೂ ತಕ್ಕಮಟ್ಟಿಗೆ ದಾರಿಗೆ ತಂದಿದ್ದಳು. ಆಮೇಲೆ ಮೈದಾನದಲ್ಲಿ ಒಂದು ಸಲ ಎಗರಿ ಬೀಳಿಸಿತು, ಭುಜದ ಮೂಳೆ ಮುರಿಯಿತು. ನೀರಿನ ತೊಟ್ಟಿಯ ಬಳಿ ಇನ್ನೊಂದು ಸಲ, ಎರಡು ಪಕ್ಕೆಲುಬು. ಮೂರನೆಯದು ಹೊರಗಿನ ಮಣ್ಣು ದಾರಿಯಲ್ಲಿ. ಕುದುರೆಗಳಿಗೆ ನೆಕ್ಕಲು ಉಪ್ಪಿನ ಗಡ್ಡೆ ತರಿಸಬೇಕು ಅಂತ ಏನೋ ಹೇಳಲು ಹೊರಟಿದ್ದಳು. ಮರುಕ್ಷಣ ನೋಡಿದರೆ ಆಕಾಶ, ಬಾಯಲ್ಲಿ ಮಣ್ಣು. ನಡುವಿನದೇನೂ ನೆನಪಿಲ್ಲ. ತಲೆಗೆ ಪೆಟ್ಟು ಬಿದ್ದರೆ ಹಾಗಾಗುತ್ತದೆ ಎಂದರು ಆಸ್ಪತ್ರೆಯಲ್ಲಿ. ಮೊದಲೆರಡು ಸಲ ತಲೆಗೆ ಪೆಟ್ಟೇ ಬಿದ್ದಿರಲಿಲ್ಲ. ಅದನ್ನು ಅವರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ.

ಶಾಲೆಯ ಒಡೆಯನಿಗೆ ನಲವತ್ತು ದಾಟಿದ್ದರೂ ಹೆಸರು ಚಿಕ್ಕ ಯಜಮಾನ. ಅವನಿಗೆ ಸವಾರಿ ಕಲಿಸಿದವಳೂ ಅವಳೇ. ಭಾನುವಾರ ಅವನು ಮನೆಗೆ ಬಂದು, ಗಂಡ ಕೊಟ್ಟ ಕುರ್ಚಿಯ ತುದಿಯಲ್ಲಿ ಕೂತ.

"ಅಕ್ಕಾ, ಮೂರು ಸಲ ಆಯ್ತು. ನಾಲ್ಕನೇ ಸಲ ಏನಾದ್ರೂ ಆದ್ರೆ ಈ ಮನೆಗೆ ನಾನು ಹೇಗೆ ಮುಖ ತೋರಿಸ್ಲಿ? ಶನಿವಾರ ಲಾರಿಗೆ ಹೇಳಿದೀನಿ."

ಯಾವ ಲಾರಿ ಎಂದು ಯಾರೂ ಕೇಳಲಿಲ್ಲ. ಆ ಹಸಿರು ಲಾರಿ ಹತ್ತಿದ ಕುದುರೆಯನ್ನು ಮತ್ತೆ ಯಾವ ಗಾಡಿಯಲ್ಲೂ, ಯಾವ ಲಾಯದಲ್ಲೂ ಕಂಡವರಿಲ್ಲ.

ಅವಳು ಎದ್ದು ಕೂತಳು. "ಶನಿವಾರ ಬೆಳಿಗ್ಗೆ ನಾನೇ ಅದನ್ನ ರೈಲು ಸೇತುವೆ ತನಕ ಓಡಿಸ್ಕೊಂಡು ಬರ್ತೀನಿ. ಬಿದ್ರೆ ಲಾರಿಗೆ ಹತ್ಸಿ."

"ಬೀಳದೇ ಇದ್ರೆ?"

"ಸೋಮವಾರದಿಂದ ಮಕ್ಕಳನ್ನ ಕೂರಿಸ್ಕೊಂಡು ಸುತ್ತು ಹೊಡೀತೀನಿ. ಅದರ ಮೇಲೇ."

ಹೇಳುವುದೇನೋ ಹೇಳಿಬಿಟ್ಟಳು. ಮರುದಿನ ಸೋಮವಾರ ಗಾಬರಿಯ ಮುಂದೆ ನಿಂತಾಗ ಅದರ ಬೆನ್ನಿಗೆ ಜೀನು ಹಾಕಲೂ ಆಗಲಿಲ್ಲ. ಕೈಯಲ್ಲಿದ್ದ ಬ್ರಶ್ಶು ಎರಡು ಸಲ ಕೆಳಗೆ ಬಿತ್ತು. ಅವಳು ನಡುಗಿದರೆ ಅದೂ ನಡುಗುತ್ತಿತ್ತು. ಇಬ್ಬರೂ ಅರ್ಧ ಗಂಟೆ ಹಾಗೆಯೇ ನಿಂತಿದ್ದರು.

ಅಂಗಳದ ತಗಡಿನ ಮಾಡಿನಡಿ ಲಾಳ ಹೊಡೆಯುವ ಅಜ್ಜ ಕೂತಿದ್ದ. ಅವನು ಮಾತಾಡುವುದು ಕಡಿಮೆ, ನೋಡುವುದು ಜಾಸ್ತಿ.

"ಏನು ತಾಯಿ, ಬಾಯಿಗೆ ಬೀಗ ಹಾಕ್ಕೊಂಡಿದೀಯ?"

"ಭಯ ಅಜ್ಜಾ. ಬಾಯಿ ತೆಗೆದ್ರೆ ಅಳು ಬರುತ್ತೆ."

"ಬರಲಿ ಬಿಡು. ಅತ್ಕೊಂಡೇ ಮಾತಾಡು. ಆ ಕುದುರೆ ಈಗ ಚೀಲಕ್ಕೂ ಹೆದರಲ್ಲ, ಗುಡುಗಿಗೂ ಹೆದರಲ್ಲ. ನೀನು ಸುಮ್ಮನಾದ್ರೆ ಹೆದರುತ್ತೆ. ಎರಡು ಸಲ ಇಲ್ಲೇ ಕೂತು ನೋಡಿದೀನಿ. ನಿನ್ನ ಮಾತು ಗಕ್ಕಂತ ನಿಲ್ಲುತ್ತೆ, ಅದು ಕಿವಿ ಹಿಂದಕ್ಕೆ ತಿರುಗಿಸುತ್ತೆ, ಆಮೇಲೆ ಎಗರುತ್ತೆ."

ಅವಳಿಗೆ ನಗು ಬಂತು. "ಒಳ್ಳೇ ಕತೆ! ಬೀಳೋಕೆ ಮುಂಚೆ ನಾನು ಯಾವತ್ತು ಅಜ್ಜಾ ಸುಮ್ಮನಿದ್ದೆ?"

ಅಜ್ಜ ನಗಲಿಲ್ಲ. ಅವಳ ಮುಖವನ್ನೊಮ್ಮೆ ನೋಡಿ, ಮೊಳೆಯನ್ನು ತುಟಿಯಿಂದ ತೆಗೆದು ಕೆಲಸಕ್ಕೆ ಬಾಗಿದ.

ಮದ್ದಂತೂ ಹಿಡಿಯಿತು. ಮಂಗಳವಾರ ಕಲ್ಲಿನ ಮೆಟ್ಟಿಲ ಮೇಲೆ ನಿಂತು, ಒಂದು ಕಾಲು ಆಚೆ ಹಾಕುವುದು, ಇಳಿಯುವುದು, ಮತ್ತೆ ಹಾಕುವುದು. ಅಳುತ್ತಲೇ ಬೈದಳು, ಬೈಯುತ್ತಲೇ ಅಳು ನಿಂತಿತು. ಬುಧವಾರ ಮೈದಾನದಲ್ಲಿ ನಡಿಗೆ. ಹಿಂದಕ್ಕೆ ತಿರುಗಿದ್ದ ಗಾಬರಿಯ ಕಿವಿಗಳು ಅವಳ ಗೊಣಗಾಟ ಕೇಳುತ್ತಾ ಕೇಳುತ್ತಾ ಮುಂದಕ್ಕೆ ಬಂದವು. ಗುರುವಾರ ಸಣ್ಣ ಓಟ. ಆ ಓಟದ ತಾಳಕ್ಕೆ ಬೆನ್ನು ತಾನಾಗಿ ಹೊಂದಿಕೊಂಡಾಗ ಅವಳಿಗೆ ಕಿರುಚಬೇಕೆನಿಸಿತು. ಕಿರುಚಿಯೂಬಿಟ್ಟಳು. ಹೋದ ಜೀವ ಬಂತು ಎನ್ನುತ್ತಾರಲ್ಲ, ಆವತ್ತು ಅವಳಿಗೆ ಬಂದದ್ದು ಅದೇ.

ಆ ಮಧ್ಯಾಹ್ನ ಮನೆಯಲ್ಲಿ ಅವಳ ಬಾಯಿಗೆ ತಡೆಯೇ ಇರಲಿಲ್ಲ. ಗಂಡನಿಗೆ ಹತ್ತಿರದ್ದು ಮಂಜಾಗಿ ಕಾಣುತ್ತಿತ್ತು, ಸೂಜಿಗೆ ದಾರ ಪೋಣಿಸಿ ಕೊಡುವುದು ಅವಳೇ. ಸೂಜಿ ಇಸಿದುಕೊಂಡು, ದಾರದ ತುದಿ ನೆನೆಸಿ, "ಆ ಮೂಲೆ ತಿರುಗಿಸುವಾಗ ನೋಡಬೇಕಿತ್ತು ರೀ, ಅದು ಏನು ಮಾಡ್ತು ಅಂದ್ರೆ" ಎಂದಳು.

"ಯಾವ ಲೋಕದಲ್ಲಿದೀಯೆ!"

ಗಂಡ ಎದುರಿಗೇ ನಿಂತು ಅವಳ ಭುಜ ಅಲುಗಿಸುತ್ತಿದ್ದ. ಈಗಷ್ಟೇ ಮೆಷಿನ್ನಿನ ಹಿಂದೆ ಕೂತಿದ್ದವನು.

"ಎಷ್ಟು ಸಲ ಕರೀಲಿ? ಒಂದು ಅಂಚು ಹೊಲಿದು ಮುಗಿಸಿದೆ, ನೀನಿನ್ನೂ ದಾರ ಹಿಡ್ಕೊಂಡು ಗೋಡೆ ನೋಡ್ತಿದೀಯ."

"ಈಗ ತಾನೆ ಕೊಟ್ರಿ ಸೂಜಿ."

ಸೂಜಿ ಹೆಬ್ಬೆರಳಲ್ಲಿ ನೆಟ್ಟಿತ್ತು. ರಕ್ತ ಮಣಿಕಟ್ಟಿನವರೆಗೂ ಇಳಿದಿತ್ತು. ನೋವು ಈಗ ಶುರುವಾಯಿತು.

"ಯಾವ ಲೋಕ" ಎನ್ನುವುದು ಆ ಮನೆಯ ಹಳೇ ತಮಾಷೆ. ಒಂದು ವರ್ಷದಿಂದ ಹಾಲು ಉಕ್ಕಿದಾಗ, ಪಾತ್ರೆ ಸೀದಾಗ, ಅರ್ಧ ಮಾತಿಗೆ ಅವಳು ಕಣ್ಣು ನೆಟ್ಟು ನಿಂತಾಗ ಗಂಡ ಅದನ್ನೇ ಹೇಳುತ್ತಿದ್ದ, ಇಬ್ಬರೂ ನಗುತ್ತಿದ್ದರು. ಈ ಸಲ ಗಂಡ ನಗಲಿಲ್ಲ. ಬೆರಳಿಗೆ ಬಟ್ಟೆ ಸುತ್ತುತ್ತಾ, "ಡಾಕ್ಟರಿಗೆ ತೋರಿಸೋಣ್ವಾ?" ಎಂದ.

"ನಿದ್ದೆ ಸಾಲ್ತಿಲ್ಲ, ಅಷ್ಟೇ. ಶನಿವಾರ ಕಳೀಲಿ." ಹೇಳುವಾಗ ಒಂದು ಅನುಮಾನ ಇಣುಕಿತು. ಅದನ್ನು ಅವಳು ಕೊಡವಿಹಾಕಿದಳು.

ಶನಿವಾರ ಅವಳಿಗಿಂತ ಮೊದಲೇ ಲಾರಿ ಬಂದಿತ್ತು. ಹಿಂದಿನ ಹಲಗೆ ಇಳಿಸಿ, ಒಳಗೆ ಹುಲ್ಲು ಹರಡಿದ್ದರು. ಲಾರಿಯ ವಾಸನೆಗೆ ಲಾಯದ ಕುದುರೆಗಳೆಲ್ಲ ಗೋಡೆಗೆ ಒತ್ತಿಕೊಂಡು ನಿಂತಿದ್ದವು. ಗಾಬರಿಯನ್ನು ಅದರ ಪಕ್ಕದಿಂದಲೇ ದಾಟಿಸಬೇಕಿತ್ತು. "ಆ ಕಡೆ ನೋಡಬೇಡ, ಅದು ನಿನ್ನದಲ್ಲ, ನಡಿ ಮಹಾರಾಯ" ಎನ್ನುತ್ತಾ ದಾಟಿಸಿದಳು.

ಮುದಿ ಬಿಳಿ ಹೆಣ್ಣು ಕುದುರೆ ಹತ್ತಿ ಚಿಕ್ಕ ಯಜಮಾನ ದೂರದಿಂದ ಹಿಂಬಾಲಿಸಿದ. ಮಣ್ಣು ದಾರಿಯಲ್ಲಿ ಮೂರನೇ ಸಲ ಬಿದ್ದ ಜಾಗ ಬಂತು. ಅಲ್ಲೂ ಬಾಯಿ ನಿಲ್ಲಲಿಲ್ಲ. ಜಾಗ ಹಿಂದೆ ಹೋಯಿತು. ಗಾಬರಿಯನ್ನು ಓಟಕ್ಕೆ ಬಿಟ್ಟಳು. ಗಾಳಿ ಕಿವಿಯಲ್ಲಿ ಭೋರೆಂದಿತು, ಕಣ್ಣಲ್ಲಿ ನೀರು ಬಂತು. ಇಪ್ಪತ್ತು ವರ್ಷದವಳಿದ್ದಾಗ ಇದ್ದ ಅದೇ ಧೈರ್ಯ ತೊಡೆಯಲ್ಲಿ, ಬೆನ್ನಲ್ಲಿ ಬಂದು ಕೂತಿತ್ತು. ದೂರದಲ್ಲಿ ಸೇತುವೆಯ ಕಂಬಗಳು ಕಂಡವು. "ನೋಡಿದೆಯೇನೋ, ನಾವಿಬ್ಬರೂ ಸೇರಿದ್ರೆ" ಎಂದಳು.

ಸೇತುವೆ ತಲೆಯ ಮೇಲಿತ್ತು.

ಗಾಬರಿ ನಿಂತಿತ್ತು. ನಾಲ್ಕೂ ಕಾಲು ನೆಲಕ್ಕೆ ಊರಿ, ಮೈಯೆಲ್ಲ ಬೆವತು, ಸಣ್ಣಗೆ ನಡುಗುತ್ತಿತ್ತು. ಕಿವಿ ಎರಡೂ ಅವಳ ಕಡೆಗೆ ತಿರುಗಿದ್ದವು. ಲಗಾಮು ಅವಳ ಕೈಯಲ್ಲಿರಲಿಲ್ಲ, ಕುದುರೆಯ ಕುತ್ತಿಗೆಯ ಮೇಲೆ ಜೋತುಬಿದ್ದಿತ್ತು. ಹಿಂದಿನಿಂದ ಚಪ್ಪಾಳೆ ಕೇಳಿಸಿತು.

"ಭೇಷ್ ಅಕ್ಕಾ! ಕಲ್ಲಿನ ಹಾಗೆ ನಿಲ್ಸಿದ್ರಲ್ಲ! ತಲೆ ಮೇಲೆ ಅಷ್ಟುದ್ದ ರೈಲು ಹೋದ್ರೂ ಒಂದು ಹೆಜ್ಜೆ ಕದಲಲಿಲ್ಲ!"

"ಯಾವ ರೈಲು?"

ಅವನು ತಮಾಷೆ ಎಂದುಕೊಂಡು ನಕ್ಕ. ಕಂಬಿಗಳು ಇನ್ನೂ ಗುಂಯ್‌ಗುಡುತ್ತಿದ್ದವು.

ವಾಪಸು ಬರುವಾಗ ಅವಳು ಬಾಯಿಪಾಠ ಮಾಡಿದ ಮಗ್ಗಿಯನ್ನು ಜೋರಾಗಿ ಹೇಳಿಕೊಂಡು ಬಂದಳು, ಒಂದು ಅಂಕಿಯೂ ತಪ್ಪದ ಹಾಗೆ. ತಪ್ಪಿದರೆ ಗೊತ್ತಾಗಬೇಕಲ್ಲ. ಒಳಗೊಳಗೇ ಬೇರೆ ಲೆಕ್ಕ ನಡೆದಿತ್ತು. ಉಪ್ಪಿನ ಗಡ್ಡೆ, ಆಮೇಲೆ ಆಕಾಶ. ದಾರ, ಆಮೇಲೆ ರಕ್ತ. ಓಟ, ಆಮೇಲೆ ಸೇತುವೆ. ಕುದುರೆ ಅವಳನ್ನು ಒಂದು ಸಲವೂ ಬೇಕೆಂದು ಬೀಳಿಸಿರಲಿಲ್ಲ. ಬೆನ್ನ ಮೇಲೆ ಕೂತವಳು ಇದ್ದಕ್ಕಿದ್ದಂತೆ ಇಲ್ಲವಾದಾಗ ಹೆದರಿತ್ತು, ಅಷ್ಟೇ. ಈ ಸಲ ಹೆದರಿಕೆ ನುಂಗಿಕೊಂಡು ಅವಳು ಬರುವ ತನಕ ಕಾದಿತ್ತು.

ಅಂಗಳದಲ್ಲಿ ಚಿಕ್ಕ ಯಜಮಾನ ಲಾರಿಯವನಿಗೆ ಕೈ ಬೀಸಿ ಹೋಗಲು ಹೇಳಿದ. "ಸೋಮವಾರ ಮೂರು ಮಕ್ಕಳಿದಾರೆ ಅಕ್ಕಾ. ಒಂದಕ್ಕೆ ಇನ್ನೂ ಐದು ವರ್ಷ, ನಿಮ್ಮ ಮುಂದೆ ಕೂರಿಸಿದ್ರೇ ಧೈರ್ಯ ಅಂತಾರೆ ಅವರಮ್ಮ."

ಸುಮ್ಮನಿದ್ದರೆ ಸಾಕಿತ್ತು. ಜೀವಮಾನದಲ್ಲಿ ಒಂದೇ ಒಂದು ಸಲ ಬಾಯಿ ಮುಚ್ಚಿಕೊಂಡಿದ್ದರೆ ಜೀನು, ಮೈದಾನ, ಮತ್ತೆ ಸಿಕ್ಕ ಧೈರ್ಯ ಎಲ್ಲವೂ ಅವಳದೇ. ಅವಳಿಗೆ ಅದು ಅಷ್ಟು ಬೇಕಾಗಿತ್ತು. ಅವಳು ಇಳಿದಳು.

"ಮಕ್ಕಳನ್ನ ನನ್ನ ಕೈಗೆ ಕೊಡಬೇಡಿ. ಇನ್ನು ನಾನು ಹತ್ತಲ್ಲ."

"ಅಯ್ಯೋ, ಗೆದ್ದು ಬಂದ ಮೇಲೆ ಮತ್ತೆಂಥ ಭಯ ಅಕ್ಕಾ?"

"ಭಯ ಹೋಗಿದೆ ಮಾರಾಯ. ಅದೇ ಕಷ್ಟ. ಇಷ್ಟು ದಿನ ಇದನ್ನ ಕೇಳ್ತಿದ್ದೆನಲ್ಲ, ಮೈಮೇಲೆ ಜ್ಞಾನ ಇದೆಯೇನೋ ಅಂತ. ಇಲ್ಲದೇ ಇರೋದು ನನಗೆ. ನಿಜವಾಗ್ಲೂ ಇಲ್ಲ. ಆ ರೈಲು ನನಗೆ ಗೊತ್ತೇ ಆಗ್ಲಿಲ್ಲ."

ಮಾಡಿನಡಿ ಅಜ್ಜನ ಸುತ್ತಿಗೆ ನಿಂತಿತು.

ಅವಳು ಗಾಬರಿಯನ್ನು ಲಾಯಕ್ಕೆ ನಡೆಸಿಕೊಂಡು ಹೋದಳು. ಮಧ್ಯಾಹ್ನ ಗಂಡನ ಜೊತೆ ಡಾಕ್ಟರ ಹತ್ತಿರ ಹೋಗುತ್ತೇನೆ, ನಾಳೆಯಿಂದ ನಿನ್ನನ್ನು ಬೇರೆಯವರು ಹತ್ತುತ್ತಾರೆ, ತರಲೆ ಮಾಡಿದರೆ ಕಾಲು ಮುರಿದೇನು ಎಂದೆಲ್ಲ ಹೇಳುತ್ತಾ, ಅಳುತ್ತಾ, ಜೀನಿನ ಪಟ್ಟಿಗೆ ಕೈ ಹಾಕಿದಳು. ಗಾಬರಿ ಕಿವಿ ಹಿಂದಕ್ಕೆ ತಿರುಗಿಸಿ ಅವಳನ್ನೇ ನೋಡುತ್ತಿತ್ತು.

"ಏನೋ? ಇಲ್ಲೇ ಇದೀನಲ್ಲೋ" ಎಂದಳು.

ಜೀನು ಆಗಲೇ ಗೋಡೆಯ ಗೂಟದಲ್ಲಿ ನೇತಾಡುತ್ತಿತ್ತು. ತೆಗೆದದ್ದು ಯಾವಾಗ ಎಂದು ಅವಳಿಗೆ ಗೊತ್ತಿರಲಿಲ್ಲ.