ಅಳದ ಮುದುಕಿಯ ಗೊಂಬೆ

ಗೊಂಬೆಗೆ ಕಣ್ಣು ಬರೆಯುವುದರಲ್ಲಿ ರಾಧಾಮಣಿಯನ್ನು ಮೀರಿಸುವವರು ಚನ್ನಪಟ್ಟಣದಲ್ಲಿ ಇದ್ದರೆ ತೋರಿಸಿ, ನಾನು ಈ ಕೆಲಸವನ್ನೇ ಬಿಟ್ಟು ಹೋಗುತ್ತೇನೆ. ಇದ್ರೀಸ್ ಭಾಯ್ ಕಾರ್ಖಾನೆಯಲ್ಲಿ ಅವಳ ಪಕ್ಕದ ಮಣೆ ನನ್ನದು. ಮೂಗು, ಬಾಯಿ ನಾನು ಬರೆದ ಮೇಲೆ ಕಡೆಗೆ ಅವಳು ಕಣ್ಣಿಡುತ್ತಾಳೆ. ಕಣ್ಣಿಟ್ಟ ಮೇಲೆ ಅದನ್ನು ನಮ್ಮಲ್ಲಿ ಯಾರೂ ‘ಅದು’ ಅನ್ನುವುದಿಲ್ಲ. ಅವನು, ಅವಳು ಅಂತಲೇ ಅನ್ನಬೇಕು.

ಅವಳ ಒಬ್ಬನೇ ಮಗ ಕೆಂಪರಾಜು ಹೋದ ವರ್ಷ ಹಾರೋಹಳ್ಳಿಯ ಕೆಲಸ ಮುಗಿಸಿ ಬೈಕಿನಲ್ಲಿ ಬರುವಾಗ ಸತ್ತ. ಅವನಿಗಾಗಿ ಅವಳು ಹರಕೆ ಹೊರದ ದೇವರಿಲ್ಲ, ಕಬ್ಬಾಳಮ್ಮನಿಂದ ಹಿಡಿದು ನಮ್ಮ ದರ್ಗಾದವರೆಗೆ. ಲಾರಿಗೆ ಹೆದರಿದ್ದಳು, ಕೆರೆಗೆ ಹೆದರಿದ್ದಳು. ಅಡ್ಡ ಬಂದದ್ದು ಒಂದು ನಾಯಿಮರಿ.

ಹೆಣದ ಮುಂದೆ ಅವಳು ಅಳಲಿಲ್ಲ. ಅಳದಿದ್ದರೆ ದುಃಖ ಎದೆಗೆ ಕಟ್ಟಿಕೊಳ್ಳುತ್ತದೆ ಎಂದು ಹೆಂಗಸರು ಅವಳನ್ನು ಅಪ್ಪಿಕೊಂಡು, ಬೆನ್ನಿಗೆ ಗುದ್ದಿ, ಮಗನ ಹೆಸರು ಹಿಡಿದು ರಾಗ ತೆಗೆದರು. ಊಹೂಂ. ಕಲ್ಲೆದೆಯವಳು ಎಂದು ಆಡಿಕೊಂಡರು. ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು.

ಈ ಸಲ ನಾರ್ವೆ ಕಡೆಯವರ ಹಳೇ ದೇವರುಗಳ ಗೊಂಬೆಗೆ ಆರ್ಡರ್ ಬಂತು. ಒಕ್ಕಣ್ಣಿನ ಓಡಿನ್, ಎಂಟು ಕಾಲಿನ ಕುದುರೆ, ಅರ್ಧ ಮುಖ ನೀಲಿಗಟ್ಟಿದ ಸಾವಿನ ರಾಣಿ ಹೆಲ್. ಹೆಲ್‌ಗೆ ಕಣ್ಣಿಟ್ಟ ದಿನದಿಂದ ನನಗೆ ಅಲ್ಲಿ ಕೂರಲು ಭಯ. ಮರ ಕಡೆಯುವ ಮಿಷನ್ ನಿಂತಾಗ ನಮ್ಮೆಲ್ಲರ ಉಸಿರಿನ ಜೊತೆ ಇನ್ನೊಂದು ಉಸಿರು ಕೇಳುತ್ತಿತ್ತು. ನಾನು ಅವಳನ್ನು ಗೋಡೆ ಕಡೆ ತಿರುಗಿಸಿಟ್ಟರೆ, ರಾಧಾಮಣಿ ಮತ್ತೆ ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಿದ್ದಳು.

ಊಟದ ಹೊತ್ತಿನಲ್ಲಿ ಇದ್ರೀಸ್ ಭಾಯ್ ಆ ಗೊಂಬೆಗಳ ಕತೆ ಹೇಳಿದರು.

“ಬಾಲ್ಡರ್ ಅಂತ ಒಬ್ಬ ದೇವ್ರು ಕಣಮ್ಮ, ಬೋ ಒಳ್ಳೇನು. ಅವ್ರವ್ವ ಬೆಂಕಿ, ನೀರು, ಕಬ್ಣ, ಕಾಯ್ಲೆ ಎಲ್ಲದ್ರ ತಾವೂ ಆಣೆ ಮಾಡಿಸ್ಕಂಡ್ಳು, ನನ್ ಮಗನ್ನ ಮುಟ್ಬೇಡಿ ಅಂತ. ಮರದ್ ಮ್ಯಾಲೆ ಬೆಳೆಯೋ ಬಂದಳಿಕೆ ಐತಲ್ಲ, ಅದ್ನ ಮಾತ್ರ, ಎಳೇದು ಏನ್ ಮಾಡೀತು ಅಂತ ಬುಟ್ಬುಟ್ಳು. ಅದ್ರಿಂದ್ಲೇ ಸತ್ತೋದ.”

ರಾಧಾಮಣಿಯ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. “ನಾಯಿಮರಿ,” ಎಂದಳು. “ಆಮ್ಯಾಕೆ?”

“ಲೋಕದಲ್ಲಿರಾದೆಲ್ಲಾ ಅವ್ನಿಗಾಗಿ ಅತ್ರೆ ವಾಪಸ್ ಕಳಿಸ್ತೀನಿ ಅಂದ್ಳಂತೆ ಹೆಲ್. ಕಲ್ಲೂ ಅಳ್ತು, ಮರಾನೂ ಅಳ್ತು. ಒಬ್ಳು ಮುದ್ಕಿ ಮಾತ್ರ ಅಳ್ನಿಲ್ಲ. ಲೋಕಿ ಅಂತ ಒಬ್ಬ ಮೋಸಗಾರ ಹಂಗೆ ವೇಷ ಹಾಕಿದ್ದ ಅಂತಾನೂ ಹೇಳ್ತಾರೆ. ಬಾಲ್ಡರ್ ಅಲ್ಲೇ ಉಳ್ಕಂಡ.”

ಆರ್ಡರ್ ಕೊಟ್ಟವರು ಕಳಿಸಿದ ಚಿತ್ರದಲ್ಲಿ ಎಲ್ಲ ಗೊಂಬೆಗಳ ಕೆನ್ನೆಗೂ ಒಂದು ಹನಿ ಕಣ್ಣೀರು ಇತ್ತು, ಕತೆಯ ಆ ಮುದುಕಿಯ ಗೊಂಬೆಗೆ ಮಾತ್ರ ಇರಲಿಲ್ಲ. ರಾಧಾಮಣಿ ಅಷ್ಟೂ ಮುದುಕಿಯರಿಗೆ ಹನಿ ಇಟ್ಟುಬಿಟ್ಟಳು.

“ಇದೇನಮ್ಮ ಹಿಂಗ್ ಮಾಡ್ಬುಟ್ಟೆ?” ಇದ್ರೀಸ್ ಭಾಯ್ ತಲೆ ಚಚ್ಚಿಕೊಂಡರು.

“ಅವ್ಳೂ ಅತ್ಬುಡ್ಲಿ ಬುಡಣ್ಣ,” ಎಂದಳು.

ಅವರು ಅವಳ ಮುಖ ನೋಡಿದರು. ಬೇರೆ ಮುದುಕಿಯರನ್ನು ಕಡೆಯಲು ಹೇಳಿದರು. ಕಣ್ಣೀರಿಟ್ಟ ಮುದುಕಿಯೊಬ್ಬಳನ್ನೂ ಹೆಲ್ ಒಬ್ಬಳನ್ನೂ ರಾಧಾಮಣಿ ಕೇಳಿ ಮನೆಗೆ ಒಯ್ದಳು.

ಸಂಜೆ ತಡೆಯಲಾರದೆ ಅವಳ ಮನೆಗೆ ಹೋದೆ. ಬಾಗಿಲಿಗೆ ಅಗುಳಿ ಹಾಕಿರಲಿಲ್ಲ. ಒಲೆಯ ಪಕ್ಕ ಗೊಂಬೆಗಳಿಬ್ಬರೂ ಕೂತಿದ್ದರು. ಎರಡು ತಟ್ಟೆಯಲ್ಲಿ ಮುದ್ದೆ ಇತ್ತು. ಹೊರಗೆ ಬೈಕಿನ ಸದ್ದಾದಾಗಲೆಲ್ಲ ಅವಳ ಕತ್ತು ಬಾಗಿಲಿಗೆ ತಿರುಗುತ್ತಿತ್ತು. ಸುಳ್ಳೇಕೆ ಹೇಳಲಿ, ನನ್ನದೂ ತಿರುಗಿತು.

“ಎಲ್ರೂ ಅತ್ತಾಯ್ತು ಯಾಸ್ಮಿನ್,” ಎಂದಳು. “ಮುದ್ಕೀನೂ ಅತ್ಳು. ಇನ್ ಬಾಕಿ ಇರಾದು ನಾನೊಬ್ಳೆ.”

“ಹಂಗಾರೆ ಅತ್ಬುಡು ರಾಧಕ್ಕ. ನಿನ್ ಕಾಲ್ ಹಿಡೀತೀನಿ, ಒಸಿ ಅಳು.”

ಅವಳ ಕಣ್ಣು ತುಂಬಿ ಬಂತು. ತಟ್ಟನೆ ಸೆರಗು ಒತ್ತಿಕೊಂಡು ಒಂದು ಹನಿಯನ್ನೂ ಬೀಳಗೊಡಲಿಲ್ಲ.

“ನಾನೂ ಅತ್ಬುಟ್ಟು, ಆಗ್ಲೂ ಅವ್ನ್ ಬರ್ನಿಲ್ಲ ಅಂದ್ರೆ?” ಎಂದು, ಮಗನ ಮುದ್ದೆ ಆರದಂತೆ ಮೇಲೊಂದು ತಟ್ಟೆ ಮುಚ್ಚಿದಳು.