ನಕಾಶೆಯಲ್ಲಿ ಇಡದ ಚುಕ್ಕಿ

ಕ್ಯಾಲಿಫೋರ್ನಿಯಾದಲ್ಲಿ, ಸಾಂಟಾ ಕ್ಲಾರಾದ ಆಫೀಸಿನಿಂದ ಗಿಲ್‌ರಾಯ್‌ನ ಮನೆ ಮುಟ್ಟುವಷ್ಟರಲ್ಲಿ ಮಾತಾಡುವ ಶಕ್ತಿಯೂ ಉಳಿದಿರುವುದಿಲ್ಲ. ಇವತ್ತು ಬಾಗಿಲಲ್ಲೇ ಕೂತು ಶೂ ಬಿಚ್ಚುವಾಗ ತೆಂಗಿನನಾರಿನ ಹೊಸ ಕಾಲೊರಸಿನ ವಾಸನೆ ಮೂಗಿಗೆ ಬಡಿಯಿತು. ಮಂಗಳೂರಿನ ಬಂದರು, ಅಲ್ಲಿದ್ದ ಅಜ್ಜನ ಅಕ್ಕಿ ಅಂಗಡಿ ನೆನಪಾದವು.

ಲಕ್ಷದ್ವೀಪದವರು ನಾರಿನ ಹಗ್ಗ, ಒಣಮೀನು ತಂದು ಮಾರಿ, ಮಳೆಗಾಲಕ್ಕೆ ಮೊದಲು ಅಕ್ಕಿ ತುಂಬಿಕೊಂಡು ಹೊರಡುತ್ತಿದ್ದರು. ಅವರಲ್ಲಿ ಭತ್ತ ಬೆಳೆಯುವುದಿಲ್ಲ; ಕಡಲು ಕೆಟ್ಟರೆ ತಿಂಗಳುಗಟ್ಟಲೆ ದೋಣಿಯೂ ಇಲ್ಲ. ಅದಕ್ಕೇ ಅಜ್ಜ ಒಂದು ಕಾಳೂ ಚೆಲ್ಲದಂತೆ ಅವರ ಮೂಟೆಗಳ ಬಾಯನ್ನು ತಾವೇ ಎರಡೆರಡು ಸಲ ಹೊಲಿಯುತ್ತಿದ್ದರು.

ಒಮ್ಮೆ ಅಂಗಡಿಯಲ್ಲಿ ಕೂತು ಶಾಲೆಗೆಂದು ಭಾರತದ ನಕಾಶೆ ಬರೆಯುತ್ತಿದ್ದೆ. ಲಕ್ಷದ್ವೀಪದ ಕೋಯಾ ಎಂಬ ವಯಸ್ಸಾದ ದೋಣಿಗಾರರು ಬಗ್ಗಿ ನೋಡಿ, "ನಮ್ಮ ಊರೆಲ್ಲಿ ಮಗಳೇ?" ಎಂದರು.

"ಅದು ಸಣ್ಣ ಚುಕ್ಕಿ ಅಲ್ವಾ, ಬಿಟ್ರೂ ನಡೀತದೆ ಅಂದಿದ್ದಾರೆ ಟೀಚರು."

ಅವರು ಬೇಸರಿಸಲಿಲ್ಲ. ಹೆಗಲ ಮೂಟೆ ಸರಿಮಾಡಿಕೊಂಡು, "ಹಾಗಾದ್ರೆ ಈ ಅಕ್ಕಿ ನಾನು ಯಾರಿಗೆ ತಗೊಂಡು ಹೋಗುದು?" ಎಂದರು.

ನಾನು ನಕಾಶೆ ಮಡಚಿ ಚೀಲಕ್ಕೆ ಹಾಕಿದೆ. ಚುಕ್ಕಿ ಇಡಲಿಲ್ಲ.

ಅಷ್ಟರಲ್ಲಿ ಮಗಳು ಸ್ಕೂಲಿನ ಪ್ರಾಜೆಕ್ಟಿಗೆ ಬರೆದು ಮುಗಿಸಿದ ಅಮೆರಿಕದ ನಕಾಶೆಯನ್ನು ಒಳಗಿಂದ ತಂದು ತೋರಿಸಿದಳು. ಅಮೆರಿಕದ ಆಡಳಿತದಲ್ಲೇ ಇರುವ ಗುವಾಮ್ ದ್ವೀಪ ಅದರಲ್ಲಿರಲಿಲ್ಲ. ಯಾಕೆಂದು ಕೇಳಿದೆ.

"ಇಟ್ಸ್ ಟೂ ಸ್ಮಾಲ್, ಅಮ್ಮಾ. ನೋಬಡಿ ವಿಲ್ ಆಸ್ಕ್."

ಒಂದು ಶೂ ಇನ್ನೂ ಕಾಲಲ್ಲೇ ಇತ್ತು. ಹಾಗೇ ಒಳಗೆ ಹೋಗಿ ಅವಳ ಪೆನ್ಸಿಲ್ ತೆಗೆದುಕೊಂಡೆ.

"ನನ್ನನ್ನ ಒಬ್ರು ಕೇಳಿದ್ರು," ಎಂದೆ.