ಬಾಗಿರಬಹುದಾದ ಒಂದು ರಾಡ್

ಸಿಕ್ಕಿಕೊಂಡ ಎಂಜಿನ್ನನ್ನು ಬಲವಂತವಾಗಿ ತಿರುಗಿಸಿದ್ದು ತಪ್ಪು ಗೆಳೆಯರೇ, ನಮ್ಮ ತಂಡದ ಹಿರಿಯರಾದ ದತ್ತಣ್ಣ ಮಾಡಿದರೂ ತಪ್ಪೇ.

ಇಂದು ಬೆಳಿಗ್ಗೆ ಹೊನ್ನಾವರದ ಶೆಡ್ಡಿನಲ್ಲಿ ನಮ್ಮ ದೊಡ್ಡ ಮಾದರಿ ವಿಮಾನದ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ನೋಡುತ್ತಿದ್ದೆ. ಅದರ ಐದು ಸಿಲಿಂಡರುಗಳು ವೃತ್ತಾಕಾರದಲ್ಲಿವೆ. ಸುಮ್ಮನೆ ನಿಂತಾಗ ಎಣ್ಣೆ ಇಳಿದು ಕೆಳಗಿನವುಗಳಲ್ಲಿ ತುಂಬುತ್ತದೆ. ಎಣ್ಣೆ ಒತ್ತಿದರೆ ಕುಗ್ಗುವುದಿಲ್ಲ, ಹಾಗಾಗಿ ಪ್ರೊಪೆಲ್ಲರ್ ಅರ್ಧಕ್ಕೇ ನಿಂತಿತು.

"ದತ್ತಣ್ಣ, ಪ್ಲಗ್ ಬಿಚ್ಚಿ ಎಣ್ಣೆ ಹೊರಗೆ ಬಿಡ್ವ," ಎಂದೆ.

"ಕೈಪಿಡಿ ಓದಿ ಓದಿ ಹೆದರುಪುಕ್ಕಲ ಆಗಿದ್ದೆ ತಮಾ ನೀನು. ಅತ್ಲಾಗೆ ಸರಿ," ಎಂದವರೇ ದತ್ತಣ್ಣ ಸ್ಟಾರ್ಟರ್ ಹಚ್ಚಿಬಿಟ್ಟರು.

ಒಳಗೆ ಟಕ್ಕೆಂದಿತು. ಆಮೇಲೆ ಎಂಜಿನ್ ಓಡಿತು. ಶೆಡ್ಡಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

"ಓಡ್ತಲ್ಲ ಮಾರಾಯಾ, ಮತ್ತೆಂತ?" ಎಂದರು ದತ್ತಣ್ಣ.

ಮತ್ತೆಂತ ಎಂದರೆ, ಪಿಸ್ಟನ್ನಿನ ರಾಡ್ ಬಾಗಿರಬಹುದು. ಬಾಗಿದ ರಾಡ್ ಇವತ್ತು ಓಡುತ್ತದೆ, ಇನ್ನೊಂದು ದಿನ ಆಕಾಶದಲ್ಲಿ ಮುರಿಯುತ್ತದೆ. ಭಾನುವಾರ ಅಕ್ಕಿ ಮೂಟೆಯಷ್ಟು ಭಾರದ ಆ ವಿಮಾನವನ್ನು ಕಡಲತೀರದಲ್ಲಿ ಜನರ ತಲೆಯ ಮೇಲೆ ಹಾರಿಸುತ್ತಾರಂತೆ. ನೋಡಲು ನನ್ನ ಅಕ್ಕ ಮಗಳನ್ನು ಎತ್ತಿಕೊಂಡು ಬರುತ್ತಾಳೆ.

ಒಳಗೆ ನೋಡದೆ ಹಾರಿಸಲು ನಾನು ಬಿಡುವುದಿಲ್ಲ. ಆದರೆ ಜೀವನದಲ್ಲಿ ಮೊದಲ ಸಲ, ರಾಡ್ ನೆಟ್ಟಗೇ ಇದ್ದು ವಾದವೊಂದರಲ್ಲಿ ನಾನು ಸೋಲಬೇಕೆಂದು ಆಸೆಯಾಗಿದೆ. ಶನಿವಾರ ಸಂಜೆ ನಾಲ್ಕು ಗಂಟೆಗೆ ಶೆಡ್ಡಿಗೆ ಬನ್ನಿ, ಎಂಜಿನ್ ಬಿಚ್ಚೋಣ.